ಮನೆಯಲ್ಲಿ ವಿಮಾನ ಕಟ್ಟೋರಿಗೆ: ಸಾಮಾನು ಎಲ್ಲಿ ಹುಡುಕಬೇಕು, ಹೇಗೆ ಪರೀಕ್ಷಿಸಬೇಕು

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ವರ್ಕ್‌ಶಾಪ್‌ನ ಇನ್‌ವರ್ಡ್ ಇನ್ಸ್‌ಪೆಕ್ಷನ್ ನೋಡಿಕೊಳ್ಳುತ್ತೇನೆ. ಗೇಟಿನೊಳಗೆ ಬರುವ ಪ್ರತಿ ರಾಡ್, ಪ್ರತಿ ಕಾಸ್ಟಿಂಗ್, ಪ್ರತಿ ಬೋಲ್ಟ್ ಡಬ್ಬಿ ಮೊದಲು ನನ್ನ ಟೇಬಲ್ಲಿಗೆ ಬರಬೇಕು. ಸರಿ ಇದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು. ನನ್ನ ಸೋದರಮಾವ ಪ್ಯಾಟರ್ನ್ ಮೇಕರ್. ಲೋಹ ಎರಕ ಹೊಯ್ಯೋ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್, ಅಂದರೆ ಅಚ್ಚಿನ ಮಾದರಿ, ಮಾಡಿಕೊಡೋದೇ ಅವರ ಜೀವಮಾನದ ಕಸುಬು. ನಾವಿಬ್ಬರೂ ಸೇರಿ ಅನಗೋಳದ ಅವರ ಶೆಡ್ಡಿನಲ್ಲಿ ಒಂದೇ ಸೀಟಿನ ವಿಮಾನ ಕಟ್ಟುತ್ತಿದ್ದೇವೆ. ಮರದ ಚೌಕಟ್ಟು, ಮೇಲೆ ಬಟ್ಟೆ. ನಕ್ಷೆ ದುಡ್ಡು ಕೊಟ್ಟು ತರಿಸಿದ್ದು. ಬೇರೆ ದೇಶಗಳಲ್ಲಿ ಎಷ್ಟೋ ಜನ ಕಟ್ಟಿ ಹಾರಿಸಿರುವ ವಿನ್ಯಾಸ ಅದು.

ಶೆಡ್ಡಿಗೆ ಬಂದವರೆಲ್ಲ ಕೇಳೋದು ಒಂದೇ ಮಾತು: "ಇದಕ್ಕೆಲ್ಲ ಸಾಮಾನು ಎಲ್ಲಿ ಸಿಗತೈತ್ರಿ?" ಕೆಲವು ಇಲ್ಲೇ ಸಿಗುತ್ತವೆ, ಕೆಲವು ಮುಂಬೈಯಲ್ಲಿ, ಇನ್ನು ಕೆಲವು ಹೊರದೇಶದಿಂದಲೇ ಬರಬೇಕು. ಅಂಗಡಿ ಹೇಗೋ ಸಿಕ್ಕೇ ಸಿಗುತ್ತದೆ. ಕೈಗೆ ಬಂದ ತುಂಡು ನಿಜವಾಗಿ ಏನು ಅಂತ ಖಾತ್ರಿ ಮಾಡಿಕೊಳ್ಳೋದರಲ್ಲೇ ಎಲ್ಲ ಶ್ರಮ ಇರೋದು. ಹುಟ್ಟು ಗೊತ್ತಿಲ್ಲದ ಸಾಮಾನು ರೆಕ್ಕೆಗೆ ಹೋಗಬಾರದು. ನಾನು ಕೆಳಗೆ ಬರೆದಿರೋದೆಲ್ಲ ಇದರ ಸುತ್ತಲೇ ಇದೆ.

ಮೊದಲು ಪಟ್ಟಿ

ನಕ್ಷೆಯ ಜೊತೆ ಸಾಮಾನಿನ ಪಟ್ಟಿ ಬರುತ್ತದೆ. ಅದನ್ನು ಹಿಡಿದುಕೊಂಡು ಸೀದಾ ಪೇಟೆಗೆ ಹೋಗಬೇಡಿ. ಒಂದು ಸಂಜೆ ಕೂತು ಎರಡು ಪಾಲು ಮಾಡಿ. ಗಾಳಿಯಲ್ಲಿದ್ದಾಗ ಯಾವುದು ಮುರಿದರೆ ಜೀವಕ್ಕೆ ಅಪಾಯವೋ ಅದೆಲ್ಲ ಮೊದಲನೇ ಪಾಲು: ರೆಕ್ಕೆಯ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗೋ ಮುಖ್ಯ ತೊಲೆ), ಸ್ಪಾರ್ ಹಿಡಿಯೋ ಲೋಹದ ಫಿಟಿಂಗ್, ರೆಕ್ಕೆಗೆ ಆಸರೆ ಕೊಡೋ ಸ್ಟ್ರಟ್, ಎಂಜಿನ್ ಮೌಂಟ್, ಕಂಟ್ರೋಲ್ ಕೇಬಲ್, ಇವನ್ನೆಲ್ಲ ಜೋಡಿಸೋ ಬೋಲ್ಟು, ಅಂಟು. ಉಳಿದದ್ದು ಎರಡನೇ ಪಾಲು: ಸೀಟು, ನೆಲದ ಹಲಗೆ, ಮೀಟರ್ ಕೂರಿಸೋ ಪ್ಯಾನೆಲ್, ಚಕ್ರದ ಮುಚ್ಚಳ, ಕಟ್ಟುವಾಗ ಭಾಗಗಳನ್ನು ಹಿಡಿದು ನಿಲ್ಲಿಸೋ ಜಿಗ್. ಎರಡನೇ ಪಾಲಿಗೆ ಬೆಳಗಾವಿಯ ಪೇಟೆ ಧಾರಾಳ ಸಾಕು. ಮೊದಲನೇ ಪಾಲಿನಲ್ಲಿ ನಕ್ಷೆಯಲ್ಲಿ ಏನು ಬರೆದಿದೆಯೋ ಅದೇ ಬರಬೇಕು, ಕಾಗದದ ಸಮೇತ.

"ಅದರ ಬದಲು ಇದನ್ನ ಹಾಕಿದರೆ ನಡೀತದ" ಅನ್ನೋ ಮಾತು ನಮ್ಮ ಕಡೆ ಬಹಳ ಸಲೀಸು. ಬರ್ನಾರ್ಡ್ ಪೀಟನ್‌ಪೋಲ್ ಅನ್ನೋ ಅಮೆರಿಕದ ಮೆಕ್ಯಾನಿಕ್ 1929ರಲ್ಲಿ ಫೋರ್ಡ್ ಮಾಡೆಲ್–ಎ ಕಾರಿನ ಎಂಜಿನ್ ಹಾಕಿ ಏರ್ ಕ್ಯಾಂಪರ್ ಅನ್ನೋ ವಿಮಾನ ಹಾರಿಸಿದರು. ಇವತ್ತಿಗೂ ಜನ ಅದನ್ನು ಕಟ್ಟುತ್ತಾರೆ. ಅದನ್ನು ತೋರಿಸಿ ನನ್ನ ಜೊತೆ ವಾದ ಮಾಡಿದವರಿದ್ದಾರೆ. ಆದರೆ ಆ ವಿಮಾನವನ್ನು ಆ ಎಂಜಿನ್ನಿಗೆ ಅಂತಲೇ ರೂಪಿಸಿದ್ದು. ವಿನ್ಯಾಸ ಮಾಡಿದವರು ಬದಲಾಯಿಸಬಹುದು, ಸಾಮಾನು ಕೊಳ್ಳೋಕೆ ಹೋದವರು ಬದಲಾಯಿಸಬಾರದು. ಬದಲಿ ಬೇಕೇ ಬೇಕು ಅಂದರೆ ವಿನ್ಯಾಸಕಾರರಿಗೆ ಬರೆದು, ಉತ್ತರವನ್ನು ಫೈಲಿಗೆ ಹಾಕಿ.

ಕಾಗದಕ್ಕೆ ಇನ್ನೊಂದು ಕಾರಣ ಡಿಜಿಸಿಎ, ಅಂದರೆ ದೇಶದ ನಾಗರಿಕ ವಿಮಾನಯಾನ ನಿರ್ದೇಶನಾಲಯ. ಕಟ್ಟಿದ ವಿಮಾನ ಹಾರಿಸೋಕೆ ನೋಂದಣಿ ಬೇಕು, ಹಾರಾಟದ ಅನುಮತಿಯೂ ಬೇಕು. ಮುಂಬೈಯ ಕಾಂದಿವಲಿಯಲ್ಲಿ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅವರಿಗೆ ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟದ ಅನುಮತಿ 2019ರಲ್ಲಿ. ಅದಕ್ಕೂ ಮುಂಚೆ ವರ್ಷಾನುಗಟ್ಟಲೆ ಓಡಾಡಿದ್ದರು. ಆದ್ದರಿಂದ ಮೊದಲ ಕಟ್ಟಿಗೆ ಕೊಳ್ಳೋ ಮುಂಚೆಯೇ ಡಿಜಿಸಿಎಗೆ ಬರೆದು, ಯಾವ ದಾಖಲೆ ಬೇಕು ಅಂತ ಕೇಳಿ ಇಟ್ಟುಕೊಳ್ಳಿ. ಕಟ್ಟಿ ಮುಗಿದ ಮೇಲೆ ಬಿಲ್ಲು ಹುಡುಕೋಕೆ ಆಗೋದಿಲ್ಲ.

ಕಟ್ಟಿಗೆ

ಮರದ ವಿಮಾನಗಳ ನಕ್ಷೆಯಲ್ಲಿ ಸಾಮಾನ್ಯವಾಗಿ ಬರೆದಿರೋದು ಸಿಟ್ಕಾ ಸ್ಪ್ರೂಸ್. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಮರ. ಇದನ್ನು ಕೇಳಿದ ದಿನ ಮಾಮಾ ಹೇಳಿದ್ದು: "ಅಲ್ಲವಾ, ಖಾನಾಪುರದ ಸಾಗವಾನಿ ಬಿಟ್ಟು ಅಮೆರಿಕಾದ ಕಟ್ಟಿಗಿ ಯಾಕ ಬೇಕು? ಸಾಗವಾನಿಗಿಂತ ಗಟ್ಟಿ ಏನೈತಿ?"

ಗಟ್ಟಿ ಹೌದು. ತೂಕದ ಮಾತು ಬೇರೆ. ಐದು ಸೆಂಟಿಮೀಟರ್ ಅಗಲ, ಐದು ದಪ್ಪ, ಮೂವತ್ತು ಉದ್ದದ ತುಂಡು ಮಾಡಿ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಇಡಿ. ಸ್ಪ್ರೂಸ್ 320 ಗ್ರಾಂ ಆಸುಪಾಸು ಬರುತ್ತದೆ. ಅಷ್ಟೇ ಸಾಗವಾನಿ 490ರ ಹತ್ತಿರ. ಇಡೀ ರೆಕ್ಕೆಗೆ, ಇಡೀ ಮೈಗೆ ಈ ಲೆಕ್ಕ ಹಾಕಿದರೆ ಪೈಲಟ್ ಕೂರೋ ಮುಂಚೆಯೇ ತೂಕದ ಮಿತಿ ಮುಗಿದಿರುತ್ತದೆ. ಇನ್ನೊಂದು ತೊಂದರೆ ಸಾಗವಾನಿಯ ಎಣ್ಣೆ. ಅಂಟು ಅದರ ಮೇಲೆ ಸರಿಯಾಗಿ ಕೂರೋದಿಲ್ಲ. ಮರದ ವಿಮಾನ ನಿಂತಿರೋದೇ ಅಂಟಿನ ಮೇಲೆ. ಹೊನ್ನೆ, ಮತ್ತಿ ಇನ್ನೂ ಭಾರ. ಬೂರುಗ ಹಗುರ, ಆದರೆ ಅದಕ್ಕೆ ತಾಕತ್ತಿಲ್ಲ.

ಸ್ಪ್ರೂಸ್ ಸಿಗದಿದ್ದರೆ ಡಗ್ಲಾಸ್ ಫರ್ ನೋಡಬಹುದು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಪ್ರಕಟಿಸಿರೋ ಎಸಿ 43.13–1ಬಿ ಅನ್ನೋ ಕೈಪಿಡಿ ಅದನ್ನು ಸ್ಪ್ರೂಸಿನ ಬದಲಿ ಮರಗಳ ಸಾಲಿನಲ್ಲಿ ಇಟ್ಟಿದೆ. ಸ್ಪ್ರೂಸಿಗಿಂತ ಗಟ್ಟಿ, ಸ್ವಲ್ಪ ಭಾರ. ಇದರಲ್ಲಿ ನಮಗೊಂದು ಅನುಕೂಲ ಇದೆ. ಬಾಗಿಲು, ಫರ್ನಿಚರ್ ಮಾಡೋರಿಗಾಗಿ ಕೆನಡಾದ ಡಗ್ಲಾಸ್ ಫರ್ ನಮ್ಮ ದೇಶಕ್ಕೆ ಬರುತ್ತದೆ. ಹೊರದೇಶದ ಮರಕ್ಕೆ ಗುಜರಾತಿನ ಗಾಂಧಿಧಾಮ ದೊಡ್ಡ ಪೇಟೆ. ಬೆಳಗಾವಿಯ ಕಟ್ಟಿಗೆ ವಖಾರಿಯವರಿಗೆ ಹೇಳಿದರೆ ಅಲ್ಲಿಂದ ತರಿಸಿಕೊಡುತ್ತಾರೆ. ಆದರೆ ಅದು ಫರ್ನಿಚರ್ ದರ್ಜೆಯ ಮಾಲು. ರಾಶಿಯಿಂದ ನೀವೇ ಒಂದೊಂದು ಹಲಗೆ ಆರಿಸಬೇಕು. ಬಹಳಷ್ಟು ಬಿಡಬೇಕಾಗುತ್ತದೆ. ವಖಾರಿಯವರಿಗೆ ಮೊದಲೇ ಹೇಳಿ: "ಕಾಕಾ, ಆರಿಸಿ ತಗೋತೀನ್ರಿ, ರೇಟು ಜಾಸ್ತಿ ಆದರೂ ನಡೀತದ." ಹೇಳದೇ ರಾಶಿ ಕೆದಕಿದರೆ ಅವರಿಗೂ ಬೇಜಾರು, ನಿಮಗೂ ಮುಜುಗರ.

ಆರಿಸೋದು ಹೇಗೆ? ಮೊದಲು ಹಲಗೆಯ ಕೊನೆ ನೋಡಿ. ವರ್ಷದ ಉಂಗುರಗಳನ್ನು ಎಣಿಸಿ. ಒಂದು ಇಂಚಿಗೆ ಸ್ಪ್ರೂಸಿನಲ್ಲಿ ಕನಿಷ್ಠ ಆರು, ಡಗ್ಲಾಸ್ ಫರ್‌ನಲ್ಲಿ ಕನಿಷ್ಠ ಎಂಟು ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಮರ ಅವಸರದಲ್ಲಿ ಬೆಳೆದಿದೆ ಅಂತ ಅರ್ಥ, ಬಿಟ್ಟುಬಿಡಿ. ಆಮೇಲೆ ನಾರಿನ ಓಟ. ಹದಿನೈದು ಇಂಚು ಉದ್ದಕ್ಕೆ ನಾರು ಒಂದು ಇಂಚಿಗಿಂತ ಹೆಚ್ಚು ಓರೆ ಹೋಗಬಾರದು. ಕಣ್ಣಿಗೆ ಕಾಣೋ ಗೆರೆ ಇಲ್ಲಿ ಮೋಸ ಮಾಡುತ್ತದೆ. ಯಾಕಂದರೆ ಉಂಗುರದ ಗೆರೆಯೇ ಬೇರೆ, ನಾರಿನ ದಿಕ್ಕೇ ಬೇರೆ.

ಇದಕ್ಕೆ ಇಂಕ್ ಪೆನ್ ಇಟ್ಟುಕೊಳ್ಳಿ. ಹಲಗೆಯ ಒಂದು ಜಾಗವನ್ನು ರಂಧ (ಉಜ್ಜುಗೊರಡು) ಹೊಡೆದು ನುಣುಪು ಮಾಡಿ, ಅಲ್ಲಿ ಒಂದು ಹನಿ ನೀಲಿ ಶಾಯಿ ಬಿಡಿ. ಒಂದು ಕ್ಷಣ ಹನಿ ದುಂಡಗೆ ನಿಲ್ಲುತ್ತದೆ. ಆಮೇಲೆ ಎರಡೂ ಕಡೆ ಸಣ್ಣ ಮೀಸೆ ಹೊರಡುತ್ತದೆ. ಶಾಯಿ ನಾರಿನೊಳಗೆ ಇಳಿದು, ನಾರು ಹೋದ ಕಡೆಗೇ ಹೋಗುತ್ತದೆ. ಆ ಮೀಸೆಯ ಉದ್ದಕ್ಕೂ ಪೆನ್ಸಿಲ್ ಗೆರೆ ಎಳೆದು, ಹಲಗೆಯ ಅಂಚಿಗೆ ಎಷ್ಟು ಓರೆ ಇದೆ ಅಂತ ಅಳೆಯಿರಿ. ಅಗಲದ ಮುಖದಲ್ಲೂ ಮಾಡಿ, ಪಕ್ಕದ ಮುಖದಲ್ಲೂ ಮಾಡಿ, ಉದ್ದಕ್ಕೆ ಅಲ್ಲಲ್ಲಿ ಮಾಡಿ. ಮಾಮಾ ಮೂವತ್ತು ವರ್ಷದ ಮೇಲೆ ಕಟ್ಟಿಗೆ ಕೆಲಸ ಮಾಡಿದವರು. ಶಾಯಿ ಹರಿದ ದಿಕ್ಕು ನೋಡಿ ಅವರು ಒಂದು ಹಲಗೆಯನ್ನು ತಾವಾಗಿಯೇ ಬದಿಗಿಟ್ಟರು.

ಇನ್ನೊಂದು ದೋಷ ಇದಕ್ಕಿಂತ ಅಪಾಯ. ಮರ ಬೀಳುವಾಗ ಅಥವಾ ಗಾಳಿಗೆ ಬಾಗಿದಾಗ ಒಳಗಿನ ನಾರು ಮಡಚಿಕೊಂಡಿರುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣೋದಿಲ್ಲ. ಶೆಡ್ಡಿನ ದೀಪ ಆರಿಸಿ, ಟಾರ್ಚನ್ನು ಹಲಗೆಗೆ ತಾಗಿಸಿದ ಹಾಗೆ ಹಿಡಿದು, ಬೆಳಕು ಮೇಲ್ಮೈ ಸವರಿಕೊಂಡು ಹೋಗೋ ಹಾಗೆ ಮಾಡಿ. ನಾರಿಗೆ ಅಡ್ಡವಾಗಿ ಕೂದಲೆಳೆಯ ಸುಕ್ಕು ಕಂಡರೆ ಆ ಹಲಗೆ ಸ್ಪಾರಿಗೆ ಬರೋದಿಲ್ಲ. ಎಷ್ಟೇ ದುಡ್ಡು ಕೊಟ್ಟಿದ್ದರೂ ಬರೋದಿಲ್ಲ. ಗಂಟು, ರಾಳದ ಜೇಬು, ನೀಲಿ ಕಲೆ ಇವೆಲ್ಲ ಬಡಿಗತನ ಗೊತ್ತಿದ್ದವರ ಕಣ್ಣಿಗೆ ತಾನಾಗಿ ಬೀಳುತ್ತವೆ. ಮರದ ಜಾತಿಯ ಬಗ್ಗೆಯೇ ಅನುಮಾನ ಬಂದರೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ಕೇಳಿ. ಮರದ ಪರೀಕ್ಷೆ ಅವರ ಕೆಲಸವೇ.

ಉದ್ಯಮಬಾಗದಲ್ಲಿ ಹೊಸ ಮಷೀನ್ ಬಂದಾಗ ಅದರ ಪೆಟ್ಟಿಗೆಯ ಪೈನ್ ಹಲಗೆ ಅಗ್ಗಕ್ಕೆ ಸಿಗುತ್ತದೆ. ಅದರ ಮೇಲೆ 'ಎಚ್‌ಟಿ' ಅಂತ ಸುಟ್ಟ ಮುದ್ರೆ ಇರುತ್ತದೆ. ಅದನ್ನು ಗುಣಮಟ್ಟದ ಮುದ್ರೆ ಅಂದುಕೊಳ್ಳುವವರಿದ್ದಾರೆ. ಹುಳ ಸಾಯಲಿ ಅಂತ ಮರದ ನಡುವಿನ ತನಕ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದಾರೆ ಅಂತಷ್ಟೇ ಅದರ ಅರ್ಥ. ಜಿಗ್ ಮಾಡೋಕೆ, ಸ್ಟ್ಯಾಂಡ್ ಮಾಡೋಕೆ ಅದು ಬಹಳ ಒಳ್ಳೆಯದು. ನಮ್ಮ ರೆಕ್ಕೆಯ ಜಿಗ್ ಪೂರ್ತಿ ಅದರದೇ.

ಪ್ಲೈವುಡ್‌ನಲ್ಲೂ ಇದೇ ಕಥೆ. ಐಎಸ್ 710 ಮುದ್ರೆಯ ಮರೀನ್ ಪ್ಲೈ ನೀರಿಗೆ ಜಗ್ಗೋದಿಲ್ಲ. ಅದರ ಅಂಟಿನ ಪರೀಕ್ಷೆಯಲ್ಲಿ 72 ಗಂಟೆ ಕುದಿಸುತ್ತಾರೆ. ಆದರೆ ಅದು ಭಾರದ ಮರದ್ದು, ದಪ್ಪ ಜಾಸ್ತಿ. ಸೀಟಿಗೆ, ನೆಲಕ್ಕೆ ಹಾಕಿ. ರೆಕ್ಕೆಗೆ ಆಕಾರ ಕೊಡೋ ಅಡ್ಡ ಪಟ್ಟಿಗೆ, ಅಂದರೆ ರಿಬ್ಬಿಗೆ, ಹಚ್ಚೋ ಒಂದೂವರೆ ಮಿಲಿಮೀಟರಿನ ಬರ್ಚ್ ಏರ್‌ಕ್ರಾಫ್ಟ್ ಪ್ಲೈ ಹೊರಗಿಂದಲೇ ತರಿಸಬೇಕು. ತೆಳು ಇರೋದರಿಂದ ಸುರುಳಿ ಸುತ್ತಿ ಕಳಿಸುತ್ತಾರೆ. ಬಂದ ದಿನವೇ ಬಿಚ್ಚಿ, ಚಪ್ಪಟೆ ಹಾಸಿ, ಮೇಲೆ ಭಾರ ಇಡಿ.

ಅಂಟಿನ ವಿಷಯದಲ್ಲಿ ಸ್ವಲ್ಪ ಹಟ ಮಾಡುತ್ತೇನೆ. ಫರ್ನಿಚರ್‌ಗೆ ಬಳಸೋ ಬಿಳಿ ಅಂಟು ರೆಕ್ಕೆಗೆ ಬೇಡ. ಸದಾ ಭಾರ ಬೀಳೋ ಕಡೆ, ಬಿಸಿಲಿಗೆ ಕಾಯೋ ಕಡೆ ಅದು ನಿಧಾನವಾಗಿ ಜಾರುತ್ತದೆ. ಐದು ನಿಮಿಷದಲ್ಲಿ ಗಟ್ಟಿಯಾಗೋ ಎಪಾಕ್ಸಿಯೂ ಬೇಡ. ನಕ್ಷೆಯಲ್ಲಿ ಹೇಳಿರೋ ರಿಸಾರ್ಸಿನಾಲ್ ಅಥವಾ ಟಿ–88ನಂಥ ಸ್ಟ್ರಕ್ಚರಲ್ ಎಪಾಕ್ಸಿಯೇ ತರಿಸಿ. ಡಬ್ಬಿ ಮೇಲಿನ ತಾರೀಖು ನೋಡಿ. ಪ್ರತಿ ಸಲ ಅಂಟು ಕಲಸಿದಾಗ ಅದೇ ಅಂಟಿನಲ್ಲಿ ಎರಡು ಚೂರು ಕಟ್ಟಿಗೆ ಜೋಡಿಸಿ, ತಾರೀಖು ಬರೆದು ಇಡಿ. ಒಣಗಿದ ಮೇಲೆ ವೈಸಿಗೆ ಕಚ್ಚಿಸಿ, ಸುತ್ತಿಗೆಯಿಂದ ಹೊಡೆದು ಮುರಿಯಿರಿ. ಮುರಿದ ಜಾಗದಲ್ಲಿ ನಾರು ಕಿತ್ತು ಬಂದಿರಬೇಕು. ಅಂಟು ನುಣ್ಣಗೆ ಬಿಟ್ಟುಕೊಂಡಿದ್ದರೆ ಆ ದಿನ ಅಂಟಿಸಿದ್ದೆಲ್ಲ ತೆಗೆಯಬೇಕು.

ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತಲ್ವಾ. ಜೂನ್‌ನಿಂದ ಸೆಪ್ಟೆಂಬರ್ ತನಕ ಶೆಡ್ಡಿನ ಗೋಡೆಯೇ ಬೆವರುತ್ತದೆ. ಅಂಟಿಸುವಾಗ ಕಟ್ಟಿಗೆಯ ತೇವ ಶೇ 8ರಿಂದ 12ರ ಒಳಗೆ ಇರಬೇಕು. ಎರಡು ಮುಳ್ಳಿನ ಸಣ್ಣ ಮಾಯಿಶ್ಚರ್ ಮೀಟರ್ ಕೊಂಡುಕೊಳ್ಳಿ. ಕಟ್ಟಿಗೆಯನ್ನು ದೀಪಾವಳಿ ಆದಮೇಲೆ ತನ್ನಿ, ಒಳಗೆ ಗಾಳಿಯಾಡೋ ಹಾಗೆ ಪಟ್ಟಿ ಇಟ್ಟು ಜೋಡಿಸಿ. ಬೇಸಿಗೆ ಮುಗಿಯೋದರೊಳಗೆ ಅಂಟಿನ ಕೆಲಸ ಮಾಡಿ. ಮಳೆಗಾಲವನ್ನು ಲೋಹದ ಕೆಲಸಕ್ಕೆ ಬಿಡಿ.

ಲೋಹ, ಬೋಲ್ಟು

ಇಲ್ಲಿ ನಮ್ಮ ಊರು ಬಹಳ ಊರುಗಳಿಗಿಂತ ಮುಂದಿದೆ. ಉದ್ಯಮಬಾಗ, ಮಚ್ಛೆ ಕಡೆ ಫೌಂಡ್ರಿಗಳಿವೆ, ಹೈಡ್ರಾಲಿಕ್ ವರ್ಕ್‌ಶಾಪ್‌ಗಳಿವೆ. ಹತ್ತರಗಿಯ ಏಕಸ್ ವಲಯದಲ್ಲಿ ಏರ್‌ಬಸ್ ವಿಮಾನಗಳಿಗೇ ಬಿಡಿಭಾಗ ತಯಾರಾಗುತ್ತವೆ. ಹಾಗಂತ ಅಂಥ ಕಾರ್ಖಾನೆಗಳ ತುಂಡು ಗುಜರಿಯಲ್ಲಿ ಸಿಗಬಹುದು ಅಂತ ಹುಡುಕಬೇಡಿ. ಗುಜರಿಗೆ ಬಂದ ಮೇಲೆ ಅದರ ಹೀಟ್ ನಂಬರ್ (ಕರಗಿಸಿದ ಯಾವ ಬ್ಯಾಚಿನದು ಅನ್ನೋ ಗುರುತು) ಹೋಯಿತು, ಹುಟ್ಟೂ ಹೋಯಿತು. ಹಿಂಡಾಲ್ಕೊ ಇಲ್ಲೇ ಇದೆಯಲ್ಲ, ಅಲ್ಯುಮಿನಿಯಂ ಅಗ್ಗ ಇರಬೇಕು ಅಂತ ಕೇಳೋರೂ ಇದ್ದಾರೆ. ಅಲ್ಲಿ ಬಾಕ್ಸೈಟಿನಿಂದ ತೆಗೆಯೋದು ಅಲ್ಯುಮಿನಾ ಪುಡಿ. ತಗಡು, ಪೈಪು ಅಲ್ಲಿ ಸಿಗೋದಿಲ್ಲ.

ನಮಗೆ ನಿಜವಾದ ಅನುಕೂಲ ಪರೀಕ್ಷೆಯದ್ದು. ಫೌಂಡ್ರಿ ಇದ್ದಲ್ಲಿ ಸ್ಪೆಕ್ಟ್ರೋ, ಅಂದರೆ ಲೋಹದಲ್ಲಿ ಏನೇನು ಬೆರೆತಿದೆ ಅಂತ ಅಳೆಯೋ ಮಷೀನ್, ಇದ್ದೇ ಇರುತ್ತದೆ. ತುಂಡನ್ನು ಬೆಲ್ಟ್ ಗ್ರೈಂಡರ್ ಮೇಲೆ ಉಜ್ಜಿ ಹೊಳಪು ಮಾಡಿ ಮಷೀನಿನ ಮೇಲೆ ಕವುಚಿಡುತ್ತಾರೆ. ಚಟಚಟ ಅಂತ ಕಿಡಿ ಹಾರುತ್ತದೆ. ತೆಗೆದು ನೋಡಿದರೆ ಹುಣಸೆ ಬೀಜದಷ್ಟು ಕಪ್ಪು ಮಚ್ಚೆ. ಅಷ್ಟರಲ್ಲಿ ಪರದೆ ಮೇಲೆ ಕಾರ್ಬನ್ ಎಷ್ಟು, ಕ್ರೋಮಿಯಂ ಎಷ್ಟು ಅಂತ ಸಾಲಾಗಿ ಬಂದಿರುತ್ತದೆ. ಒಂದೇ ಮಚ್ಚೆಗೆ ನಂಬಬೇಡಿ, ಬೇರೆ ಬೇರೆ ಜಾಗದಲ್ಲಿ ಮೂರು ಸಲ ಮಾಡಿಸಿ. ತೆಳು ಟ್ಯೂಬ್ ಆದರೆ ಸೀಳಿ ಚಪ್ಪಟೆ ಮಾಡಿ ಕೊಡಬೇಕು.

ಫಿಟಿಂಗಿಗೂ ಎಂಜಿನ್ ಮೌಂಟಿಗೂ ನಕ್ಷೆ ಕೇಳೋದು 4130 ಅನ್ನೋ ಕ್ರೋಮೋಲಿ ಸ್ಟೀಲ್. ಇಲ್ಲಿನ ಸ್ಟೀಲ್ ಅಂಗಡಿಯಲ್ಲಿ ಕೇಳಿದೆ:

"ಸಾವಕಾರ್ರ, 4130 ಟ್ಯೂಬ್ ಐತೇನ್ರಿ?"

"ಇಎನ್–19 ಐತ್ರಿ ಮೇಡಂ. ಕ್ರೋಮಿಯಂ ಐತಿ, ಮಾಲಿಬ್ಡಿನಂ ಐತಿ. ಎರಡೂ ಒಂದರೀ."

ಒಂದಲ್ಲ. 4130ರಲ್ಲಿ ಕಾರ್ಬನ್ ಶೇ 0.28ರಿಂದ 0.33. ಇಎನ್–19ರಲ್ಲಿ 0.40ರ ಆಸುಪಾಸು. ಶಾಫ್ಟ್ ಮಾಡೋಕೆ ಅದು ಒಳ್ಳೆ ಸ್ಟೀಲ್. ತೆಳು ಟ್ಯೂಬನ್ನು ವೆಲ್ಡ್ ಮಾಡೋ ಕೆಲಸಕ್ಕೆ ಆ ಕಾರ್ಬನ್ನೇ ಶತ್ರು. ವೆಲ್ಡಿನ ಪಕ್ಕ ಗಡುಸಾಗಿ ಬಿರುಕು ಬಿಡುತ್ತದೆ. ಸ್ಪೆಕ್ಟ್ರೋ ವರದಿಯಲ್ಲಿ ಕಾರ್ಬನ್ ಜೊತೆಗೆ ಕ್ರೋಮಿಯಂ 0.80ರಿಂದ 1.10, ಮಾಲಿಬ್ಡಿನಂ 0.15ರಿಂದ 0.25 ಇದೆಯಾ ನೋಡಿ. ಟ್ಯೂಬ್ ಸೀಮ್‌ಲೆಸ್ (ಉದ್ದಕ್ಕೆ ವೆಲ್ಡ್ ಇಲ್ಲದ್ದು) ಇರಬೇಕು, ನಾರ್ಮಲೈಸ್ (ಕಾಯಿಸಿ ಗಾಳಿಯಲ್ಲಿ ಆರಿಸಿದ್ದು) ಆಗಿರಬೇಕು. ಮಂಚ, ಕುರ್ಚಿಗೆ ಹಾಕೋ ಇಆರ್‌ಡಬ್ಲ್ಯು ಪೈಪಿನ ಒಳಗೆ ಬೆರಳು ಹಾಕಿದರೆ ಉದ್ದಕ್ಕೂ ವೆಲ್ಡಿನ ಏಣು ಸಿಗುತ್ತದೆ.

ಅಲ್ಯುಮಿನಿಯಂ ಅಂಗಡಿಯವರು ಇನ್ನೂ ಹಳೇ ಬ್ರಿಟಿಷ್ ಹೆಸರಿನಲ್ಲೇ ಮಾತಾಡುತ್ತಾರೆ. ಆ ಹೆಸರು ಗೊತ್ತಿದ್ದರೆ ಕೆಲಸ ಸುಲಭ. ಎಚ್‌ಇ–9 ಅಂದರೆ 6063, ಕಿಟಕಿ ಸೆಕ್ಷನ್. ಎಚ್‌ಇ–20 ಅಂದರೆ 6061. ಎಚ್‌ಇ–30 ಅಂದರೆ 6082. ಎಚ್‌ಇ–15 ಅಂದರೆ 2014. 6061-ಟಿ6 (ಟಿ ಅಕ್ಷರ, ಅಂಕೆ ಲೋಹದ ಹದದ ಗುರುತು) ಬಾಗೋಕೆ ಶುರುವಾಗೋದು 276 ಮೆಗಾಪ್ಯಾಸ್ಕಲ್ ಹತ್ತಿರ. ಕಿಟಕಿ ಸೆಕ್ಷನ್ನಿನ 6063-ಟಿ5ಗೆ ಅದರ ಅರ್ಧದಷ್ಟೇ ಶಕ್ತಿ, 145. ಎರಡೂ ಪಕ್ಕಪಕ್ಕ ಇಟ್ಟರೆ ಬೆಳ್ಳಗೆ ಒಂದೇ ಥರ ಕಾಣುತ್ತವೆ.

ಒಂದು ಸಲ ನಮಗೆ 6061 ಅಂತ ಬಿಲ್ಲು ಹಾಕಿ ಟ್ಯೂಬ್ ಕಳಿಸಿದ್ದರು. ಟಿಸಿ (ಕಾರ್ಖಾನೆಯ ಟೆಸ್ಟ್ ಸರ್ಟಿಫಿಕೇಟ್) ಕೂಡ ಜೊತೆಗಿತ್ತು. ಸ್ಪೆಕ್ಟ್ರೋ ಮೇಲೆ ಇಟ್ಟರೆ ತಾಮ್ರ ಹೆಚ್ಚುಕಡಿಮೆ ಸೊನ್ನೆ. 6061ರಲ್ಲಿ ತಾಮ್ರ ಶೇ 0.15ರಿಂದ 0.40 ಇರಲೇಬೇಕು. 6063ರಲ್ಲಿ 0.10 ದಾಟಬಾರದು. ಟಿಸಿಯಲ್ಲಿದ್ದ ಹೀಟ್ ನಂಬರೂ ಟ್ಯೂಬಿನ ಮೇಲೆ ಅಚ್ಚಾಗಿದ್ದ ನಂಬರೂ ಬೇರೆ ಬೇರೆ ಇದ್ದವು. ಮಾಲು ವಾಪಸ್ ಕಳಿಸಿದೆವು. ಆದ್ದರಿಂದ ರೇಟು ಕೇಳೋ ಮುಂಚೆ ಟಿಸಿ ಕೇಳಿ, ಬಂದ ಮೇಲೆ ನಂಬರ್ ತಾಳೆ ನೋಡಿ, ಆಮೇಲೆ ಒಂದು ಚೂರು ಕತ್ತರಿಸಿ ಲ್ಯಾಬಿಗೆ ಕೊಡಿ. ಮೂರೂ ಹೊಂದಿದರೆ ಮಾತ್ರ ಹಸಿರು ಚೀಟಿ.

ಸ್ಪೆಕ್ಟ್ರೋ ಹೇಳದೇ ಇರೋ ಸಂಗತಿಯೂ ಒಂದಿದೆ. ಲೋಹದಲ್ಲಿ ಏನೇನು ಬೆರೆತಿದೆ ಅಂತ ಅದು ಹೇಳುತ್ತದೆ, ಹದ ಹೇಗಿದೆ ಅಂತ ಹೇಳೋದಿಲ್ಲ. ಅದೇ 6061 ಮೆತ್ತಗೆ ಇದ್ದರೆ ಬ್ರಿನೆಲ್ ಗಡಸುತನ 30, ಟಿ6 ಹದದಲ್ಲಿ 95. ಕಿಟಕಿ ಸೆಕ್ಷನ್ ತಯಾರಿಸೋರ ಹತ್ತಿರ ಇಕ್ಕಳದಂಥ ವೆಬ್‌ಸ್ಟರ್ ಮೀಟರ್ ಇರುತ್ತದೆ. ಒತ್ತಿದರೆ ಸಾಕು, ಹದ ಗೊತ್ತಾಗುತ್ತದೆ. ಅನುಮಾನ ಉಳಿದರೆ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಎಳೆದು ಮುರಿಸಿ ನೋಡಿ. 2024-ಟಿ3 ಅಲ್ಯುಮಿನಿಯಂ ತಗಡು ಬೇಕಿದ್ದರೆ ಬೆಳಗಾವಿಯಲ್ಲಿ ಹುಡುಕಿ ಹೊತ್ತು ಕಳೆಯಬೇಡಿ, ಮುಂಬೈಯ ಕುಂಭಾರವಾಡಾ ಕಡೆಯ ಲೋಹದ ವ್ಯಾಪಾರಿಗಳನ್ನು ಕೇಳಿ. ಪರೀಕ್ಷೆಯನ್ನು ಮಾತ್ರ ಇಲ್ಲಿಗೆ ತಂದು ಮಾಡಿಸಿ.

ಬೋಲ್ಟಿನಲ್ಲಿ ಉಳಿತಾಯ ಮಾಡಬೇಡಿ. ವಿಮಾನಕ್ಕೆ ಅಂತಲೇ ಮಾಡಿದ ಎಎನ್ ಗುರುತಿನ ಬೋಲ್ಟುಗಳನ್ನೇ ತರಿಸಿ. ಎಎನ್–3 ಅಂದರೆ ಹದಿನಾರರಲ್ಲಿ ಮೂರು ಇಂಚು ದಪ್ಪ. ಅವುಗಳ ಎಳೆತದ ಶಕ್ತಿ 1,25,000 ಪಿಎಸ್‌ಐ, ಅಂದರೆ ಸುಮಾರು 860 ಮೆಗಾಪ್ಯಾಸ್ಕಲ್. ಹಾರ್ಡ್‌ವೇರ್ ಅಂಗಡಿಯ 8.8 ಬೋಲ್ಟಿಗೆ 800. ಅಷ್ಟೇ ತಾನೇ ವ್ಯತ್ಯಾಸ ಅಂತ ಅನ್ನಿಸುತ್ತದೆ. ಆದರೆ ಮುಖ್ಯ ವಿಷಯ ಆಟೆಯದ್ದು, ಅಂದರೆ ಬೋಲ್ಟಿನ ಮೇಲಿನ ಸುರುಳಿ ಗೆರೆಯದ್ದು. ಎಎನ್ ಬೋಲ್ಟಿನ ಹಿಡಿತದ ಉದ್ದ ನುಣ್ಣಗೆ ಇರುತ್ತದೆ, ಆಟೆ ತೂತಿನಿಂದ ಆಚೆ ಶುರುವಾಗುತ್ತದೆ. ಅಂಗಡಿಯಲ್ಲಿ ಸಿಗೋ ಬೋಲ್ಟಿಗೆ ತಲೆಯ ತನಕ ಆಟೆ ಇರೋದೇ ಹೆಚ್ಚು. ಆ ಆಟೆ ತೂತಿನೊಳಗೆ ಕೂತು ಮರವನ್ನೂ ಫಿಟಿಂಗನ್ನೂ ಗರಗಸದ ಹಾಗೆ ತಿನ್ನುತ್ತದೆ. ಎಎನ್ ಬೋಲ್ಟು ಹಗುರ, ಚಿಕ್ಕ ಪಾರ್ಸೆಲ್‌ನಲ್ಲಿ ಬರುತ್ತವೆ. ಕಂಟ್ರೋಲ್ ಕೇಬಲ್ ಕೂಡ ಅದೇ ಪಾರ್ಸೆಲ್‌ನಲ್ಲಿ ಬರಲಿ. ನಕ್ಷೆಗಳಲ್ಲಿ ಸಾಮಾನ್ಯವಾಗಿ ಕಾಣೋ ಎಂಟರಲ್ಲೊಂದು ಇಂಚಿನ 7×19 (ಏಳು ಎಳೆ, ಎಳೆಗೆ ಹತ್ತೊಂಬತ್ತು ತಂತಿ) ಸತುವಿನ ಲೇಪದ ಕೇಬಲ್ 2,000 ಪೌಂಡ್, ಅಂದರೆ 900 ಕೆಜಿ ಮೇಲೆ ತಡೆಯುತ್ತದೆ.

ಬಟ್ಟೆ

ವಡಗಾವಿ, ಶಹಾಪುರದಲ್ಲಿ ಮನೆಮನೆಗೆ ಮಗ್ಗ. ಬಟ್ಟೆ ಇಲ್ಲೇ ನೇಯಿಸಬಹುದಲ್ಲ ಅಂತ ನನಗೂ ಆಸೆ ಇತ್ತು. ವಿಮಾನಕ್ಕೆ ಹಚ್ಚೋ ಪಾಲಿಯೆಸ್ಟರ್ ಬೇರೆ ಥರದ್ದು. ಬಿಸಿ ಮಾಡಿದರೆ ಅದು ಕುಗ್ಗಬೇಕು, ಕುಗ್ಗಿ ಚೌಕಟ್ಟಿನ ಮೇಲೆ ಹಲಗಿ ವಾದ್ಯದ ಚರ್ಮದಷ್ಟು ಬಿಗಿಯಾಗಬೇಕು. ಉಡುಪಿನ ಬಟ್ಟೆಯನ್ನು ಕುಗ್ಗಬಾರದು ಅಂತ ಕಾರ್ಖಾನೆಯಲ್ಲೇ ಕಾಯಿಸಿ ಕಳಿಸಿರುತ್ತಾರೆ. ನೋಡಬೇಕಾದರೆ ಬಟ್ಟೆಯ ಮೇಲೆ ಐವತ್ತು ಸೆಂಟಿಮೀಟರಿನ ಚೌಕ ಬರೆದು ಇಸ್ತ್ರಿ ಮಾಡಿ. ವಿಮಾನದ ಬಟ್ಟೆಯಲ್ಲಿ ಆ ಚೌಕ ಹತ್ತಿರ ಹತ್ತಿರ ಐದು ಸೆಂಟಿಮೀಟರ್ ಸಣ್ಣದಾಗುತ್ತದೆ. ಡ್ರೆಸ್ ಮಟೀರಿಯಲ್ ಹಾಗೇ ಇರುತ್ತದೆ. ಆದ್ದರಿಂದ ಸೆಕೊನೈಟ್‌ನಂಥ ಬಟ್ಟೆ, ಅದರದೇ ಟೇಪು, ಅದರದೇ ದಾರ ತರಿಸಿ.

ಇಸ್ತ್ರಿ ಪೆಟ್ಟಿಗೆ ಮಾತ್ರ ಇಲ್ಲಿನದೇ ಸಾಕು. ಮೊದಲ ಸುತ್ತು 121 ಡಿಗ್ರಿ, ಕೊನೆಯ ಸುತ್ತು 177. ಅದನ್ನು ದಾಟಿದರೆ ಬಟ್ಟೆಯ ಬಿಗಿ ಹೋಗುತ್ತದೆ. ಪೆಟ್ಟಿಗೆ ಮೇಲಿನ 'ಕಾಟನ್, ಸಿಲ್ಕ್' ಗುರುತಿಗೂ ಡಿಗ್ರಿಗೂ ಸಂಬಂಧ ಇಲ್ಲ. ತಳಕ್ಕೆ ತಾಗಿಸೋ ಥರ್ಮಾಮೀಟರ್ ಇಟ್ಟು ಅಳೆದು, ಗುಂಡಿಯ ಪಕ್ಕ ನಿಮ್ಮದೇ ಗೆರೆ ಹಾಕಿಕೊಳ್ಳಿ. ಬಿಸಿಲಿಗೆ ಪಾಲಿಯೆಸ್ಟರ್ ಜೀರ್ಣ ಆಗುತ್ತದೆ. ಅದಕ್ಕೇ ಬಣ್ಣದ ಕೆಳಗೆ ಅಲ್ಯುಮಿನಿಯಂ ಪುಡಿ ಬೆರೆಸಿದ ಬೆಳ್ಳಿ ಲೇಪ ಬೇಕು. ಆ ಲೇಪಗಳನ್ನೂ ಬಟ್ಟೆಯ ಕಂಪನಿ ಹೇಳಿದ ಕ್ರಮದಲ್ಲೇ ತಗೊಳ್ಳಿ.

ಮರ, ಬಟ್ಟೆ ಬಿಟ್ಟು ಫೈಬರ್ ವಿಮಾನ ಕಟ್ಟೋರಿಗೆ ಒಂದೇ ಮಾತು. ನೀರಿನ ಟ್ಯಾಂಕು, ಬೈಕಿನ ಫೇರಿಂಗ್ ಮಾಡೋರ ಹತ್ತಿರ ಸಿಗೋದು ಪಾಲಿಯೆಸ್ಟರ್ ರಾಳ. ಅದರಲ್ಲಿರೋ ಸ್ಟೈರೀನ್ ಥರ್ಮೋಕೋಲ್ ಜಾತಿಯ ಫೋಮನ್ನು ಕರಗಿಸುತ್ತದೆ. ಒಂದು ತುಂಡಿನ ಮೇಲೆ ಸುರಿದು ನೋಡಿ, ಕಣ್ಣೆದುರೇ ಗುಂಡಿ ಬೀಳುತ್ತದೆ. ಅಂಥ ಫೋಮಿಗೆ ಎಪಾಕ್ಸಿ ಮಾತ್ರ.

ತರಿಸೋದು, ಇಡೋದು

ಹೊರದೇಶದ ಸಾಮಾನು ಚಿಲ್ಲರೆ ಚಿಲ್ಲರೆಯಾಗಿ ತರಿಸಿದರೆ ಕೊರಿಯರ್ ಖರ್ಚೇ ಸಾಮಾನಿಗಿಂತ ಜಾಸ್ತಿ ಆಗುತ್ತದೆ. ಅಮೆರಿಕದ ಏರ್‌ಕ್ರಾಫ್ಟ್ ಸ್ಪ್ರೂಸ್‌ನಂಥ ಕಂಪನಿಯವರು ಬೋಲ್ಟು, ಬಟ್ಟೆ, ಪ್ಲೈ ಎಲ್ಲ ಒಂದೇ ಕಡೆ ಮಾರುತ್ತಾರೆ. ಸಣ್ಣದೆಲ್ಲ ಒಂದು ಸಲ ವಿಮಾನದಲ್ಲಿ, ಕಟ್ಟಿಗೆ, ಪ್ಲೈ ಒಂದು ಪೆಟ್ಟಿಗೆ ಕಟ್ಟಿಸಿ ಹಡಗಿನಲ್ಲಿ ಮುಂಬೈ ಪಕ್ಕದ ನ್ಹಾವಾ ಶೇವಾಕ್ಕೆ. ಮರಕ್ಕೆ ಕಳಿಸೋ ದೇಶದ ಫೈಟೊಸ್ಯಾನಿಟರಿ ಸರ್ಟಿಫಿಕೇಟ್ (ಹುಳ, ರೋಗ ಇಲ್ಲ ಅನ್ನೋ ಪತ್ರ) ಕಡ್ಡಾಯ. ಆರ್ಡರ್ ಹಾಕುವಾಗಲೇ ಕೇಳಿ. ಅದಿಲ್ಲದೆ ಬಂದರೆ ಬಂದರಿನಲ್ಲೇ ನಿಲ್ಲುತ್ತದೆ. ಒಳ್ಳೆ ಕಸ್ಟಮ್ಸ್ ಏಜೆಂಟ್ ಹಿಡಿಯಿರಿ. ಪಟ್ಟಿಯಲ್ಲಿ ಪ್ರತಿ ವಸ್ತುವಿನ ಹೆಸರು ಬಿಡಿಸಿ ಬರೆಸಿ. ಸುಮ್ನೆ 'ವಿಮಾನದ ಭಾಗ' ಅಂತ ಬರೆದರೆ ಪ್ರಶ್ನೆ ಹುಟ್ಟುತ್ತವೆ. ಉದ್ದದ ಸ್ಪಾರ್ ಹಲಗೆ ತರಿಸೋದು ತೀರಾ ದುಬಾರಿ ಆದರೆ, ನಕ್ಷೆ ಒಪ್ಪಿದರೆ, ಚಿಕ್ಕ ಹಲಗೆ ತರಿಸಿ ಸ್ಕಾರ್ಫ್ ಮಾಡಿ, ಅಂದರೆ ತುದಿಗಳನ್ನು ಓರೆಯಾಗಿ ಕೊಯ್ದು ಅಂಟಿಸಿ, ಜೋಡಿಸಬಹುದು. ದಪ್ಪದ ಹನ್ನೆರಡು ಪಟ್ಟು ಉದ್ದದ ಓರೆ ಬೇಕು. ಇಂಥ ಕೆಲಸಕ್ಕೆ ಪ್ಯಾಟರ್ನ್ ಮೇಕರ್ ಕೈ ಬೇಕೇ ಬೇಕು. ಬೆಳಗಾವಿಯಲ್ಲಿ ಆ ಕೈಗಳಿಗೆ ಬರ ಇಲ್ಲ.

ಎಂಜಿನ್ ಬಗ್ಗೆ ಇಲ್ಲಿ ಬರೆಯೋದಿಲ್ಲ, ಅದು ಕೊನೆಗೆ ಕೊಳ್ಳೋ ವಸ್ತು. ಮೊದಲೇ ತಂದಿಟ್ಟರೆ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತದೆ, ವಾರಂಟಿಯೂ ಮುಗಿಯುತ್ತದೆ. ಪೆಟ್ರೋಲ್ ಪೈಪು, ಟ್ಯಾಂಕಿನ ಸೀಲಂಟ್ ಕೊಳ್ಳುವಾಗ ಮಾತ್ರ ಎಥೆನಾಲ್ ತಡೆಯೋದೇ ಕೇಳಿ. ಈಗ ಬಂಕಿನಲ್ಲಿ ಸಿಗೋದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರು ಅದಕ್ಕೆ ಉಬ್ಬಿ ಬಿರಿಯುತ್ತದೆ.

ಸಾಮಾನು ಬಂದ ಮೇಲೆ ಗುರುತು ಕೆಡಬಾರದು. ಉದ್ಯಮಬಾಗದ ವರ್ಕ್‌ಶಾಪ್‌ಗಳಲ್ಲಿ ರಾಡಿನ ಕೊನೆಗೆ ಬಣ್ಣ ಬಳಿದಿರುತ್ತಾರೆ, ಒಂದೊಂದು ಸ್ಟೀಲಿಗೆ ಒಂದೊಂದು ಬಣ್ಣ. ಅದನ್ನೇ ಮನೆಯಲ್ಲೂ ಮಾಡಿ. ಯಾವ ಬಣ್ಣ ಯಾವುದಕ್ಕೆ ಅಂತ ಗೋಡೆಗೆ ಒಂದು ಚೀಟಿ ಅಂಟಿಸಿ. ಕತ್ತರಿಸುವಾಗ ಬಣ್ಣ ಇಲ್ಲದ ತುದಿಯಿಂದ ಕತ್ತರಿಸಿ. ಆಗ ಕೊನೆಯ ಮೊಳದ ತುಂಡಿನ ಮೇಲೂ ಬಣ್ಣ ಉಳಿದಿರುತ್ತದೆ. ಕಟ್ಟಿಗೆಗೆ ಪೆನ್ಸಿಲ್ ನಂಬರ್, ಬೋಲ್ಟಿಗೆ ಬಂದ ಪೊಟ್ಟಣವೇ ಡಬ್ಬಿ. ಒಂದು ರಿಜಿಸ್ಟರ್ ಇಡಿ: ನಂಬರ್, ಎಲ್ಲಿಂದ ಬಂತು, ಬಿಲ್, ಟಿಸಿ, ಪರೀಕ್ಷೆಯ ಫಲ, ವಿಮಾನದ ಯಾವ ಭಾಗಕ್ಕೆ ಹೋಯಿತು. ಬೇಡ ಅಂತ ಬಿಟ್ಟ ತುಂಡನ್ನು ಶೆಡ್ಡಿನಲ್ಲಿ ಇಟ್ಟುಕೊಳ್ಳಬೇಡಿ. ಅವತ್ತೇ ಕೆಂಪು ಬಳಿದು, ಎರಡು ತುಂಡು ಮಾಡಿ ಹೊರಗೆ ಹಾಕಿ. ಯಾರಾದರೂ ಸಹಾಯಕ್ಕೆ ಬಂದವರು ಗೊತ್ತಿಲ್ಲದೆ ಅದನ್ನೇ ಎತ್ತಿಕೊಂಡು ಬಿಡುತ್ತಾರೆ.

ಇನ್ನು ಮೊದಲ ಖರೀದಿ. ಇಡೀ ವಿಮಾನದ ಸಾಮಾನು ಒಟ್ಟಿಗೆ ತರಿಸೋ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ಮೊದಲು ಬಾಲದಲ್ಲಿ ಎಡಬಲ ತಿರುಗಿಸೋ ರಡ್ಡರಿಗೆ ಬೇಕಾದಷ್ಟು ಕಟ್ಟಿಗೆ, ಪ್ಲೈ, ಒಂದು ಸಣ್ಣ ಸೆಟ್ ಅಂಟು, ಹಿಂಜ್, ನಾಲ್ಕಾರು ಬೋಲ್ಟು, ಎರಡು ಮೀಟರ್ ಬಟ್ಟೆ ಮಾತ್ರ ತನ್ನಿ. ಕಟ್ಟಿಗೆ ಕಾಲು ಪಾಲು ಜಾಸ್ತಿ ಇರಲಿ, ಆರಿಸುವಾಗ ಅಷ್ಟು ಹೋಗುತ್ತದೆ. ರಡ್ಡರ್ ಪುಟ್ಟದು, ಮನೆಯ ಪಡಸಾಲೆಯಲ್ಲೇ ಕಟ್ಟಬಹುದು. ಆದರೆ ಮರ, ಲೋಹ, ಅಂಟು, ಬಟ್ಟೆ ಎಲ್ಲವೂ ಅದರಲ್ಲಿ ಬಂದುಹೋಗುತ್ತವೆ. ಕಸ್ಟಮ್ಸ್ ಹೇಗೆ, ವಖಾರಿ ಕಾಕಾ ಹೇಗೆ, ಲ್ಯಾಬಿನವರು ಎಷ್ಟು ದಿನಕ್ಕೆ ವರದಿ ಕೊಡುತ್ತಾರೆ, ನಿಮ್ಮ ಶೆಡ್ಡಿನ ತೇವ ಎಷ್ಟು ಅಂತೆಲ್ಲ ಅಷ್ಟರಲ್ಲಿ ಗೊತ್ತಾಗಿರುತ್ತದೆ. ಅದು ಮುಗಿದು, ತೂಕ ನಕ್ಷೆಯಲ್ಲಿ ಹೇಳಿದ್ದಕ್ಕೆ ಹೊಂದಿದರೆ, ಸ್ಪಾರಿನ ಹಲಗೆಗೆ ಆರ್ಡರ್ ಹಾಕಿ.